ನೀರೊಳಗಿನ ಕುಲುಮೆ

ಈ ದತ್ತಿಯನ್ನು ಇಟ್ಟ ಮನೆಯವರೇ, ಮುಂದೆ ಇಷ್ಟು ಕುರ್ಚಿ ಖಾಲಿಯಿದ್ದರೂ ಹಿಂದಿನ ಸಾಲಿನಲ್ಲೇ ಕೂತಿರುವ ವಿದ್ಯಾರ್ಥಿಗಳೇ,

ಮೇಜಿನ ಮೇಲೆ ನಾಲ್ಕು ಸಣ್ಣ ಸೀಸೆಗಳನ್ನು ಇಟ್ಟಿದ್ದೇನೆ. ಮೊದಲನೆಯದರಲ್ಲಿರುವುದು ಪುನರ್ಪುಳಿ ಶರಬತ್ತಿನ ಬಣ್ಣದ ನೀರು. ಎರಡನೆಯದು ತಿಳಿ ಹಳದಿ. ಮೂರನೆಯದೂ ನಾಲ್ಕನೆಯದೂ ಕಿತ್ತಳೆಯತ್ತ ವಾಲಿದ ಹಳದಿ. ಅವೆರಡನ್ನು ಅದಲುಬದಲು ಮಾಡಿಟ್ಟರೆ ನನಗೇ ಗುರುತು ಸಿಕ್ಕದು, ಅದಕ್ಕೇ ಚೀಟಿ ಅಂಟಿಸಿದ್ದೇನೆ. ಒಂದರಲ್ಲೂ ಬಣ್ಣದ ಪುಡಿ ಹಾಕಿಲ್ಲ. ಮೊದಲನೆಯದರಲ್ಲಿ ಚಿನ್ನವಿದೆ, ಎರಡನೆಯದರಲ್ಲಿ ಬೆಳ್ಳಿ. ಇವೆರಡನ್ನು ಸುಮ್ಮನೆ ಒಟ್ಟಿಗೆ ಸುರಿದದ್ದು ಮೂರನೆಯದು. ಹಾಗೆ ಸುರಿದ ಮೇಲೆ ಹಸುರು ಲೇಸರಿನ ಏಟನ್ನು ಅರ್ಧ ಗಂಟೆ ತಿಂದದ್ದು ನಾಲ್ಕನೆಯದು. ಮೂರನೆಯ ಸೀಸೆಯಲ್ಲಿ ಚಿನ್ನ ಬೆಳ್ಳಿ ಒಂದೇ ವಠಾರದ ಬಾಡಿಗೆದಾರರ ಹಾಗೆ ಬೇರೆ ಬೇರೆ ಇವೆ. ನಾಲ್ಕನೆಯದರಲ್ಲಿ ಒಂದೊಂದು ಕಣದ ಒಳಗೂ ಎರಡೂ ಇವೆ. ಇವತ್ತಿನ ಮಾತೆಲ್ಲ ಈ ನಾಲ್ಕನೆಯ ಸೀಸೆಯ ಬಗ್ಗೆ.

ಆಮಂತ್ರಣ ಪತ್ರಿಕೆಯಲ್ಲಿ ‘ಸಂಯೋಜಿತ ನ್ಯಾನೊ ಕಣಗಳು’ ಎಂದು ಅಚ್ಚಾಗಿದೆ. ತಪ್ಪೇನಿಲ್ಲ. ‘ಸಂಯುಕ್ತ’ ಎನ್ನುವಂತಿಲ್ಲ, ಆ ಪದವನ್ನು ರಸಾಯನಶಾಸ್ತ್ರದವರು ಮೊದಲೇ ಕೊಂಡುಹೋಗಿದ್ದಾರೆ. ‘ಮಿಶ್ರಣ’ ಎಂದರೆ ಮೂರನೆಯ ಸೀಸೆಯ ಕಥೆಯಾದೀತು. ನಾನು ಪಾಠದಲ್ಲಿ ‘ಜೋಡುಕಣ’ ಎನ್ನುತ್ತಿದ್ದೆ, ಇಲ್ಲೂ ಹಾಗೆಯೇ ಹೇಳುತ್ತೇನೆ. ಲೇಸರಿನ ಪಲ್ಸ್‌ಗೆ ‘ಮಿಡಿತ’ ಎನ್ನೋಣ. ನಾಡಿಯ ಹಾಗೆ ಬಿಟ್ಟುಬಿಟ್ಟು ಬರುವ ಬೆಳಕು ಅದು.

ಕೆಂಪು ಚಿನ್ನದ ಕಥೆಯೂ ಒಂದು ದತ್ತಿ ಉಪನ್ಯಾಸದಿಂದಲೇ ಶುರುವಾಗುತ್ತದೆ. ಹೆನ್ರಿ ಬೇಕರ್ ಎಂಬವರು ಲಂಡನ್ನಿನ ರಾಯಲ್ ಸೊಸೈಟಿಗೆ ನೂರು ಪೌಂಡು ಇಟ್ಟು ಹೋದರು. ಆ ದತ್ತಿಯ ಉಪನ್ಯಾಸ 1775ರಿಂದ ನಡೆದುಬಂದಿದೆ. 1857ರಲ್ಲಿ ಅದನ್ನು ಕೊಟ್ಟವರು ಮೈಕೆಲ್ ಫ್ಯಾರಡೆ. ಚಿನ್ನದ ಲವಣದ ದ್ರಾವಣವನ್ನು ರಂಜಕದಿಂದ ಅಪಕರ್ಷಿಸಿ ಮಾಣಿಕ್ಯದಂಥ ಕೆಂಪು ದ್ರವ ಮಾಡಿದ್ದರು. ಇದರಲ್ಲಿರುವುದು ಕರಗಿದ ಚಿನ್ನವಲ್ಲ, ತೇಲುವ ಅತಿ ಸಣ್ಣ ಚಿನ್ನದ ಚೂರುಗಳು ಎಂದು ಅವರು ಹೇಳಿದರು. ಆ ಚೂರುಗಳನ್ನು ನೋಡುವ ಉಪಕರಣ ಆಗ ಯಾರ ಬಳಿಯೂ ಇರಲಿಲ್ಲ. ಬೆಳಕಿನ ಕಿರಣವನ್ನು ಹಾಯಿಸಿದಾಗ ದಾರಿ ಮಸುಕಾಗಿ ಬೆಳಗಿದ್ದನ್ನು ಕಂಡು ಊಹಿಸಿದರು, ಅಷ್ಟೆ. ಅವರ ಸೀಸೆಗಳಲ್ಲಿ ಕೆಲವು ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್ನಿನಲ್ಲಿ ಇನ್ನೂ ಇವೆ, ಇನ್ನೂ ಕೆಂಪಾಗಿಯೇ ಇವೆ. ಇಂಥ ದ್ರವಕ್ಕೆ ನಮ್ಮ ಪಠ್ಯಪುಸ್ತಕದ ಹೆಸರು ಕಲಿಲ.

ಹಳದಿ ಚಿನ್ನ ಕೆಂಪಾಗುವುದು ಹೇಗೆ? ಸಣ್ಣ ಕಣದೊಳಗಿನ ಎಲೆಕ್ಟ್ರಾನುಗಳು ಬೆಳಕು ಬಿದ್ದಾಗ ಎಲ್ಲ ಒಟ್ಟಾಗಿ ಓಲಾಡುತ್ತವೆ, ತೊಟ್ಟಿಯಲ್ಲಿ ತುಂಬಿದ ನೀರು ತುಳುಕಿದ ಹಾಗೆ. ಚಿನ್ನದ ಕಣಕ್ಕೆ ಈ ತುಳುಕಾಟ ಒಗ್ಗುವುದು ಸುಮಾರು 520 ನ್ಯಾನೊಮೀಟರ್ ಅಲೆಯುದ್ದದ ಹಸುರು ಬೆಳಕಿನಲ್ಲಿ. ಹಸುರನ್ನು ಕಣ ನುಂಗುತ್ತದೆ, ಕೆಂಪು ನಮ್ಮ ಕಣ್ಣಿಗೆ ಬರುತ್ತದೆ. ಬೆಳ್ಳಿಗೆ ಒಗ್ಗುವುದು ಸುಮಾರು 400ರ ನೇರಳೆ, ಅದಕ್ಕೇ ಎರಡನೆಯ ಸೀಸೆ ಹಳದಿ. ಇದರ ಗಣಿತವನ್ನು 1908ರಲ್ಲಿ ಗುಸ್ತಾಫ್ ಮೀ ಬರೆದರು.

ಗಾತ್ರದ ಅಂದಾಜು ಬೇಕಾದರೆ ಮಂಗಳೂರಿನವರಿಗೆ ಪವನಿನ ಲೆಕ್ಕದಲ್ಲೇ ಹೇಳಬೇಕು. 20 ನ್ಯಾನೊಮೀಟರ್ ಅಡ್ಡಳತೆಯ ಒಂದು ಚಿನ್ನದ ಕಣದಲ್ಲಿ ಸುಮಾರು ಎರಡೂವರೆ ಲಕ್ಷ ಪರಮಾಣುಗಳಿರುತ್ತವೆ. ಒಂದು ಪವನು ಎಂದರೆ 8 ಗ್ರಾಂ ಚಿನ್ನವನ್ನು ಪೂರ್ತಿ ಇಂಥ ಕಣಗಳನ್ನಾಗಿ ಮಾಡಿ ಎಲ್ಲ ಕಣಗಳ ಮೈಯನ್ನು ಕೂಡಿಸಿದರೆ 120 ಚದರ ಮೀಟರಿಗೂ ಮೀರುತ್ತದೆ. ಸಾವಿರದ ಮುನ್ನೂರು ಚದರಡಿಯ ಫ್ಲಾಟಿನ ನೆಲ. ರಾಸಾಯನಿಕ ಕ್ರಿಯೆಗಳು ನಡೆಯುವುದು ಮೈಮೇಲೆ. ನ್ಯಾನೊ ಕಣಗಳಿಗಾಗಿ ಇಷ್ಟೆಲ್ಲ ಒದ್ದಾಟ ಈ ಮೈಗಾಗಿ.

ತೊಂದರೆ ಇರುವುದೂ ಆ ಮೈಯಲ್ಲೇ. ರಾಸಾಯನಿಕವಾಗಿ ಕಣ ಮಾಡುವಾಗ ಲವಣ ಬೇಕು, ಅಪಕರ್ಷಕ ಬೇಕು, ಕಣಗಳು ಒಂದಕ್ಕೊಂದು ಅಂಟದಂತೆ ಸುತ್ತ ಒಂದು ಹೊದಿಕೆ ಬೇಕು. 1951ರಲ್ಲಿ ಟರ್ಕೆವಿಚ್ ತಂಡ ಸಿಟ್ರೇಟ್ ಬಳಸಿ ತೋರಿಸಿದ ವಿಧಾನ ಇವತ್ತಿಗೂ ಎಲ್ಲ ಕಾಲೇಜುಗಳಲ್ಲಿ ನಡೆಯುತ್ತದೆ. ಸುಲಭ, ಅಗ್ಗ, ಕಣಗಳ ಗಾತ್ರವೂ ಹದವಾಗಿ ಬರುತ್ತದೆ. ಆದರೆ ಕೊನೆಯಲ್ಲಿ ಕೈಗೆ ಸಿಕ್ಕುವುದು ಸಿಟ್ರೇಟಿನ ಅಂಗಿ ತೊಟ್ಟ ಚಿನ್ನ. ಅಂಗಿ ಕಳಚಲು ಹೋದರೆ ಕಣಗಳು ಗಂಟುಕಟ್ಟಿ ತಳಕ್ಕೆ ಇಳಿಯುತ್ತವೆ.

ಲೇಸರಿನ ದಾರಿ ಬೇರೆ. ಒಂದು ಬೀಕರಿನ ತಳದಲ್ಲಿ ಚಿನ್ನದ ಸಣ್ಣ ತಗಡು. ಅದರ ಮೇಲೆ ಒಂದು ಸೆಂಟಿಮೀಟರಿನಷ್ಟು ಶುದ್ಧ ನೀರು. ಮೇಲಿನಿಂದ ಮಸೂರದ ಮೂಲಕ ಲೇಸರ್ ಮಿಡಿತಗಳನ್ನು ತಗಡಿನ ಮೇಲೆ ನಾಟಿಸಬೇಕು. ಸೆಕೆಂಡಿಗೆ ಹತ್ತು ಮಿಡಿತ, ಒಂದೊಂದಕ್ಕೂ ‘ಟಕ್’ ಎಂಬ ಸದ್ದು. ಒಂದೇ ಕಡೆ ಬಿದ್ದರೆ ಗುಳಿಯಾಗುತ್ತದೆ, ಅದಕ್ಕೆ ಬೀಕರನ್ನು ತಿರುಗಿಸುತ್ತಿರಬೇಕು. ಎರಡು ಮೂರು ನಿಮಿಷಕ್ಕೆ ತಗಡಿನಿಂದ ಗುಲಾಬಿ ಹೊಗೆಯಂಥದ್ದು ಮೇಲೇಳುತ್ತದೆ, ಹತ್ತು ನಿಮಿಷಕ್ಕೆ ನೀರೆಲ್ಲ ಪುನರ್ಪುಳಿ. ಕೆಲಸ ಮುಗಿದ ಮೇಲೆ ತಗಡನ್ನು ತೂಗಿದರೆ ಎಷ್ಟು ಮಿಲಿಗ್ರಾಂ ಕಡಿಮೆಯಾಯಿತೋ ಅಷ್ಟು ಚಿನ್ನ ನೀರಿನಲ್ಲಿದೆ ಎಂದರ್ಥ. ಚಿನ್ನದಂಗಡಿಯಲ್ಲಿ ‘ವೇಸ್ಟೇಜ್’ ಎಂದು ನಮ್ಮ ಬಿಲ್ಲಿಗೆ ಸೇರಿಸುತ್ತಾರಲ್ಲ, ಇಲ್ಲಿ ನಮಗೆ ಬೇಕಾದ್ದೇ ಆ ಸವಕಳಿ.

ಲೇಸರ್ ಎಂದ ಕೂಡಲೇ ಬಹಳ ಶಕ್ತಿ ಎಂದು ನೀವು ಎಣಿಸುತ್ತೀರಿ. ಲೆಕ್ಕ ಹಾಕೋಣ. ಒಂದು ಪಿಕೊಸೆಕೆಂಡ್ ಲೇಸರಿನ ಮಿಡಿತದಲ್ಲಿ 12 ಮಿಲಿಜೂಲ್ ಇದೆ ಎನ್ನಿ. ಆರು ಗ್ರಾಂ ತೂಗುವ ಒಂದು ಅಡಿಕೆಯನ್ನು ಒಂದು ಗೇಣು ಮೇಲೆತ್ತಲು ಬೇಕಾದಷ್ಟೇ ಅದು. ತಾಂಬೂಲದ ತಟ್ಟೆಯಿಂದ ಬಾಯಿಗೆ ಹೋಗುವಷ್ಟರಲ್ಲೇ ಅದಕ್ಕಿಂತ ಹೆಚ್ಚು ಖರ್ಚಾಗುತ್ತದೆ. ಆದರೆ ಲೇಸರು ಅಷ್ಟನ್ನೂ 10 ಪಿಕೊಸೆಕೆಂಡಿನಲ್ಲಿ ಕೊಟ್ಟು ಮುಗಿಸುತ್ತದೆ. ಅಷ್ಟು ಹೊತ್ತಿನಲ್ಲಿ ಬೆಳಕು ಹೋಗುವುದು ಬರೀ 3 ಮಿಲಿಮೀಟರ್ ದೂರ. ಭಾಗಿಸಿ ನೋಡಿ: 1200 ಮೆಗಾವಾಟ್. ಪಡುಬಿದ್ರಿಯ ಹತ್ತಿರ ಯಲ್ಲೂರಿನಲ್ಲಿರುವ ಉಷ್ಣ ವಿದ್ಯುತ್ ಸ್ಥಾವರದ ಎರಡೂ ಘಟಕಗಳ ಪೂರ್ತಿ ಸಾಮರ್ಥ್ಯ ಅಷ್ಟು. ಅದನ್ನು ಸಾಸಿವೆ ಕಾಳಿಗಿಂತ ಸಣ್ಣ ಜಾಗದ ಮೇಲೆ ಇಳಿಸಿದರೆ ಲೋಹಕ್ಕೆ ಕರಗಲು ಕೂಡ ಪುರಸೊತ್ತಿಲ್ಲ. ನಮ್ಮ ಕಾಲೇಜುಗಳಿಗೆ ಎಟಕುವ ನ್ಯಾನೊಸೆಕೆಂಡ್ ಲೇಸರುಗಳು ಇಷ್ಟು ಉಗ್ರವಲ್ಲ, 100 ಮಿಲಿಜೂಲ್ 10 ನ್ಯಾನೊಸೆಕೆಂಡಿನಲ್ಲಿ ಎಂದರೆ 10 ಮೆಗಾವಾಟ್. ಈ ಕೆಲಸಕ್ಕೆ ಅದು ಧಾರಾಳ.

ಏಟು ಬಿದ್ದಲ್ಲಿ ಲೋಹ ಕಿತ್ತೆದ್ದು ಪ್ಲಾಸ್ಮಾ ಆಗುತ್ತದೆ, ಉಷ್ಣತೆ ಸಾವಿರಾರು ಡಿಗ್ರಿ. ಗಾಳಿಯಲ್ಲಾಗಿದ್ದರೆ ಅದು ಚದುರಿ ಹಾರಿಹೋಗುತ್ತಿತ್ತು. ಮಣಿಪಾಲದಲ್ಲಿ ವಿ.ಬಿ. ಕಾರ್ತಾ ಅವರು ಕಟ್ಟಿಕೊಟ್ಟ ಪರಮಾಣು-ಅಣು ಭೌತವಿಜ್ಞಾನದ ಪ್ರಯೋಗಾಲಯದಲ್ಲಿ ಗಾಳಿಯಲ್ಲಿ ಹುಟ್ಟುವ ಇಂಥದೇ ಪ್ಲಾಸ್ಮಾದ ಬೆಳಕನ್ನು ಓದಿ, ವಸ್ತುವಿನಲ್ಲಿ ಯಾವ ಯಾವ ಧಾತುಗಳಿವೆ ಎಂದು ಹೇಳುತ್ತಾರೆ. ನೀರಿನೊಳಗೆ ಅದಕ್ಕೆ ಹಾರಲು ಜಾಗವಿಲ್ಲ. ನೀರು ಎಲ್ಲ ಕಡೆಯಿಂದ ಒತ್ತಿ ಹಿಡಿಯುತ್ತದೆ. ಪ್ಲಾಸ್ಮಾದ ಬಿಸಿಗೆ ಸುತ್ತಲಿನ ನೀರು ಆವಿಯಾಗಿ ಒಂದು ಗುಳ್ಳೆ ಉಬ್ಬುತ್ತದೆ, ಒಂದೆರಡು ಮಿಲಿಮೀಟರಿನಷ್ಟು ಹಿಗ್ಗಿ, ಸೆಕೆಂಡಿನ ಹತ್ತು ಸಾವಿರದಲ್ಲಿ ಒಂದೆರಡು ಪಾಲು ಬದುಕಿ, ಕುಸಿಯುತ್ತದೆ. ಗುಳ್ಳೆಯ ಒಳಗೇ ಕಣಗಳು ಕಟ್ಟಿಕೊಳ್ಳುತ್ತವೆ ಎಂಬುದನ್ನು ಜರ್ಮನಿಯ ಸಂಶೋಧಕರು ಎಕ್ಸ್-ಕಿರಣ ಹಾಯಿಸಿ ನೋಡಿ ಖಚಿತ ಮಾಡಿದ್ದಾರೆ. ಗುಳ್ಳೆ ಒಡೆದಾಗ ಕಣಗಳು ನೀರಿಗೆ ಬೀಳುತ್ತವೆ. ಮುಂದಿನ ಮಿಡಿತ ಬರುವಷ್ಟರಲ್ಲಿ ನೀರು ಮತ್ತೆ ತಣ್ಣಗೆ ಕೂತಿರುತ್ತದೆ.

ಇಲ್ಲೊಂದು ಎಚ್ಚರಿಕೆ. ಇಂಥ ಕೆಲಸಕ್ಕೆ ಬಳಸುವ ಎನ್‌ಡಿ-ಯಾಗ್ ಲೇಸರಿನ ಅಲೆಯುದ್ದ 1064 ನ್ಯಾನೊಮೀಟರ್. ಚಿನ್ನ ಕರಗುವ ಉಷ್ಣತೆ 1064 ಡಿಗ್ರಿ ಸೆಲ್ಸಿಯಸ್. ಎರಡಕ್ಕೂ ಏನೂ ಸಂಬಂಧವಿಲ್ಲ. ನನ್ನ ಸೇವಾವಧಿಯಲ್ಲಿ ಉತ್ತರ ಪತ್ರಿಕೆಗಳಲ್ಲಿ ಈ ಎರಡಕ್ಕೂ ಎಷ್ಟು ಸಲ ಮದುವೆ ಮಾಡಿಸಿದ್ದಾರೆ ಎಂದರೆ ನಾನು ಎಣಿಸುವುದನ್ನು ಬಿಟ್ಟೆ. ಇನ್ನೊಂದು ನಮ್ಮ ಊರಿನ ಸಂಕಟ: ಆಟಿ ತಿಂಗಳಲ್ಲಿ ಮಸೂರಕ್ಕೆ ಬೂಸಲು ಹಿಡಿಯುತ್ತದೆ. ಪುಸ್ತಕಗಳಲ್ಲಿ ಈ ವಿಷಯ ಇರುವುದಿಲ್ಲ, ಏಕೆಂದರೆ ಪುಸ್ತಕ ಬರೆಯುವವರು ಪಡುವಣ ಕರಾವಳಿಯ ಮಳೆಯಲ್ಲಿ ಲೇಸರ್ ನಡೆಸುವುದಿಲ್ಲ.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಚಿಕ್ಕಂದಿನಲ್ಲಿ ನಮ್ಮ ಮನೆಯ ಕೆಳಗಿನ ಬೈಲಿನಲ್ಲಿ ಆಚಾರಿಯೊಬ್ಬರ ಕುಲುಮೆ ಇತ್ತು. ಕೆಂಪಗೆ ಕಾದ ಕತ್ತಿಯನ್ನು ಅವರು ಕಲ್ಲುಮರಿಗೆಯ ನೀರಿಗೆ ಅದ್ದಿದಾಗ ಬರುವ ‘ಚುಂಯ್’ ಸದ್ದಿಗಾಗಿ ಕಾದು ಕೂರುತ್ತಿದ್ದೆ. ನೀರು ಇರುವುದು ತಣ್ಣಗೆ ಮಾಡಲು ಎಂದು ನಂಬಿದ್ದೆ. ಭೌತವಿಜ್ಞಾನದ ಎಂ.ಎಸ್ಸಿ. ಮುಗಿಸಿದ ಮೇಲೂ ಬಹಳ ದಿನ ಹಾಗೆಯೇ ನಂಬಿದ್ದೆ.

1987ರಲ್ಲಿ ಪುಣೆ ವಿಶ್ವವಿದ್ಯಾಲಯದ ಪಾಟೀಲ್, ಓಗಲೆ, ಭಿಡೆ ಮತ್ತು ಅವರ ಸಂಗಡಿಗರು ‘ಫಿಸಿಕಲ್ ರಿವ್ಯೂ ಲೆಟರ್ಸ್’ನಲ್ಲಿ ಒಂದು ಲೇಖನ ಪ್ರಕಟಿಸಿದರು. ನೀರಿನಲ್ಲಿ ಮುಳುಗಿಸಿದ ಕಬ್ಬಿಣದ ಮೇಲೆ ಮಾಣಿಕ್ಯ ಲೇಸರಿನ ಮಿಡಿತಗಳನ್ನು ಬೀಳಿಸಿದ್ದರು. ಅವರ ಶೀರ್ಷಿಕೆಯಲ್ಲೇ ಎರಡು ಪದ ಒಟ್ಟಿಗೆ ಬರುತ್ತವೆ: ಒಂದು, ಕಮ್ಮಾರ ಮಾಡುವಂತೆ ಥಟ್ಟನೆ ತಣಿಸುವುದು, ಇನ್ನೊಂದು, ವರ್ತಿಸುವುದು. ತಣಿಸುತ್ತಿರುವಾಗಲೇ ನೀರು ಕಬ್ಬಿಣದೊಡನೆ ವರ್ತಿಸಿ, ಸಾಮಾನ್ಯವಾಗಿ ಬಾಳದ ಆಕ್ಸೈಡು ಕಬ್ಬಿಣದ ಮೈಯಲ್ಲಿ ಸಿಕ್ಕಿಬಿದ್ದಿತ್ತು. ಅವರು ನೋಡಿದ್ದು ತಗಡಿನ ಮೈಯನ್ನು. ನೀರಿನಲ್ಲಿ ತೇಲುವ ಕಣಗಳತ್ತ ಜಗತ್ತಿನ ಗಮನ ಹೋದದ್ದು 1993ರ ಹೊತ್ತಿಗೆ. ಆದರೂ ಇವತ್ತು ಯಾವ ದೇಶದಲ್ಲಿ ಈ ವಿಷಯದ ಇತಿಹಾಸ ಬರೆದರೂ ಮೊದಲ ಪುಟದಲ್ಲಿ ಪುಣೆಯ ಈ ಲೇಖನ ಇರುತ್ತದೆ. ಭಾರತದಲ್ಲೇ ಇದನ್ನು ತಿಳಿದವರು ಕಡಿಮೆ, ಅದು ನನಗೆ ಸ್ವಲ್ಪ ಬೇಸರದ ಸಂಗತಿ.

ನನ್ನ ಇಷ್ಟು ವರ್ಷಗಳ ತಿಳಿವಳಿಕೆಯನ್ನು ಒಂದು ಮಾತಿನಲ್ಲಿ ಹೇಳು ಎಂದರೆ, ಈ ಕುಲುಮೆಯಲ್ಲಿ ನೀರು ಬರೀ ಮರಿಗೆಯ ನೀರಲ್ಲ, ಅದೂ ಕೆಲಸಕ್ಕೆ ಕೂತಿದೆ ಎನ್ನುತ್ತೇನೆ. ಸತುವಿನ ತಗಡನ್ನು ನೀರಿನಲ್ಲಿ ಹೊಡೆದರೆ ಸತುವಿನ ಆಕ್ಸೈಡ್ ಬರುತ್ತದೆ. ಕೊಚ್ಚಿ ವಿಶ್ವವಿದ್ಯಾಲಯದಲ್ಲಿ ಎಂ.ಕೆ. ಜಯರಾಜ್ ಅವರ ತಂಡ ಇದರ ಮೇಲೆ ಒಳ್ಳೆಯ ಕೆಲಸ ಮಾಡಿದೆ. ಟೈಟೇನಿಯಂ ಹೊಡೆದರೆ ಟೈಟೇನಿಯಂ ಡೈಆಕ್ಸೈಡ್. ತಾಮ್ರ ನೀರಿನಲ್ಲಿ ಆಕ್ಸೈಡ್ ಆದರೆ ಅಸಿಟೋನಿನಲ್ಲಿ ಬಹುಮಟ್ಟಿಗೆ ತಾಮ್ರವಾಗಿಯೇ ಉಳಿಯುತ್ತದೆ. ಚಿನ್ನ ಮಾತ್ರ ಎಲ್ಲಿ ಹಾಕಿದರೂ ಚಿನ್ನ.

ಜೋಡುಕಣಕ್ಕೆ ಬಂದಾಗ ಈ ಪಾಲುದಾರಿಕೆ ಇನ್ನೂ ಸ್ವಾರಸ್ಯ. ಚಿನ್ನ ಬೆಳ್ಳಿಯ ಜೋಡಿ ಸಲೀಸು, ಏಕೆಂದರೆ ಎರಡರ ಪರಮಾಣುಗಳೂ ಹೆಚ್ಚುಕಡಿಮೆ ಒಂದೇ ಅಂತರದಲ್ಲಿ ಸಾಲಾಗಿ ನಿಲ್ಲುವಂಥವು, ಯಾವ ಪ್ರಮಾಣದಲ್ಲಿ ಬೇಕಾದರೂ ಬೆರೆಯುತ್ತವೆ. ಎರಡನ್ನೂ ಎರಕ ಹೊಯ್ದ ಮಿಶ್ರಲೋಹದ ತಗಡನ್ನೇ ನೀರಿಗಿಟ್ಟು ಹೊಡೆಯಬಹುದು. ಬೆಳ್ಳಿಯ ಕಲಿಲದೊಳಗೆ ಚಿನ್ನದ ತಗಡನ್ನಿಟ್ಟು ಹೊಡೆಯಬಹುದು. ಇಲ್ಲವೇ ನಾನು ಮಾಡಿದ ಹಾಗೆ ಎರಡು ಕಲಿಲಗಳನ್ನು ಕೂಡಿಸಿ 532 ನ್ಯಾನೊಮೀಟರಿನ ಹಸುರು ಮಿಡಿತ ಕೊಡಬಹುದು. ಚಿನ್ನದ ಕಣ ಅದನ್ನು ಚೆನ್ನಾಗಿ ನುಂಗಿ, ಕಾದು, ಕರಗಿ, ಪಕ್ಕದ ಬೆಳ್ಳಿಯನ್ನು ಸೇರಿಸಿಕೊಳ್ಳುತ್ತದೆ. ಕಣ್ಣಿಗೆ ಮೂರು ಮತ್ತು ನಾಲ್ಕನೆಯ ಸೀಸೆ ಒಂದೇ. ಸ್ಪೆಕ್ಟ್ರೋಫೋಟೋಮೀಟರಿನಲ್ಲಿಟ್ಟರೆ ಮೂರನೆಯದು ಎರಡು ಶಿಖರ ತೋರಿಸುತ್ತದೆ, 400ರಲ್ಲಿ ಒಂದು, 520ರಲ್ಲಿ ಒಂದು. ನಾಲ್ಕನೆಯದಕ್ಕೆ ಒಂದೇ ಶಿಖರ, ಎರಡರ ನಡುವೆ. ಬೆಳ್ಳಿ ಹೆಚ್ಚಿದ್ದರೆ ಶಿಖರ ನೇರಳೆಯತ್ತ ಸರಿಯುತ್ತದೆ, ಚಿನ್ನ ಹೆಚ್ಚಿದ್ದರೆ ಹಸುರಿನತ್ತ. ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿ ನಾಲ್ಕನೆಯ ಶತಮಾನದ ರೋಮನ್ ಗಾಜಿನ ಲೋಟ ಒಂದಿದೆ, ಲೈಕರ್ಗಸ್ ಲೋಟ ಎನ್ನುತ್ತಾರೆ. ಹೊರಗಿನಿಂದ ಬೆಳಕು ಬಿದ್ದರೆ ಹಸುರು, ಒಳಗೆ ದೀಪವಿಟ್ಟರೆ ಕೆಂಪು. ಆ ಗಾಜಿನೊಳಗಿರುವುದೂ ಚಿನ್ನ-ಬೆಳ್ಳಿಯ ನ್ಯಾನೊ ಜೋಡುಕಣಗಳೇ. ಹಾಗೆಂದು ರೋಮನ್ನರಿಗೆ ನ್ಯಾನೊ ತಂತ್ರಜ್ಞಾನ ಗೊತ್ತಿತ್ತು ಎನ್ನುವಂತಿಲ್ಲ. ನಮ್ಮಲ್ಲಂತೂ ಆಯುರ್ವೇದದ ಒಂದು ಭಸ್ಮದಲ್ಲಿ ಸಣ್ಣ ಕಣ ಕಂಡರೆ ಸಾಕು, ಸಭೆ ಕರೆಯುತ್ತಾರೆ.

ಚಿನ್ನ ಕಬ್ಬಿಣದ ಜೋಡಿ ಹಾಗೆ ಸಲೀಸಲ್ಲ. ತಣ್ಣಗಿರುವಾಗ ಎರಡೂ ಒಂದರಲ್ಲೊಂದು ಬೆರೆಯಲು ಒಪ್ಪುವುದಿಲ್ಲ. ಆದರೆ ಜೋಡಿ ಬೇಕು, ಏಕೆಂದರೆ ಕಬ್ಬಿಣ ಆಯಸ್ಕಾಂತಕ್ಕೆ ಓಗೊಡುತ್ತದೆ, ಚಿನ್ನ ಬೆಳಕಿಗೆ. 2016ರಲ್ಲಿ ಜರ್ಮನಿಯ ಡೂಯಿಸ್‌ಬರ್ಗ್-ಎಸ್ಸೆನ್ ವಿಶ್ವವಿದ್ಯಾಲಯದ ಸ್ಟೀಫನ್ ಬಾರ್ಸಿಕೋವ್‌ಸ್ಕಿ ಅವರ ಬಳಗದಿಂದ ಬಂದ ಒಂದು ಕೆಲಸ ನನಗೆ ಬಹಳ ಮೆಚ್ಚುಗೆಯಾದದ್ದು. ಚಿನ್ನ-ಕಬ್ಬಿಣದ ಒಂದೇ ಬಗೆಯ ತಗಡನ್ನು ಬೇರೆ ಬೇರೆ ದ್ರವಗಳಲ್ಲಿಟ್ಟು ಹೊಡೆದರು. ಅಸಿಟೋನಿನಲ್ಲಿ ಹುಟ್ಟಿದ ಕಣಗಳಿಗೆ ಕಬ್ಬಿಣದ ತಿರುಳು, ಚಿನ್ನದ ಚಿಪ್ಪು. ಒಳಗಿನ ಕಬ್ಬಿಣಕ್ಕೆ ತುಕ್ಕಿನ ಸೋಂಕೂ ಇಲ್ಲ. ನೀರಿನಲ್ಲಿ ಹುಟ್ಟಿದವು ಪೂರ್ತಿ ತಿರುವುಮುರುವು: ಚಿನ್ನ ಒಳಗೆ, ಕಬ್ಬಿಣ ಹೊರಗೆ ಬಂದು ಆಮ್ಲಜನಕ ಹಿಡಿದುಕೊಂಡು ಮ್ಯಾಗ್ನೆಟೈಟಿನ ಚಿಪ್ಪಾಗಿದೆ. ತಗಡು ಅದೇ. ಒಳಗೆ ಯಾರು, ಹೊರಗೆ ಯಾರು ಎಂದು ತೀರ್ಮಾನಿಸಿದ್ದು ಸುತ್ತಲಿನ ದ್ರವ.

ಸುತ್ತಲಿನದೇ ಹೀಗೆ ತೀರ್ಮಾನಿಸುವುದು ನಮ್ಮೂರಿಗೆ ಹೊಸದೇನಲ್ಲ. ಬಾಸೆಲ್ ಮಿಶನ್ನಿನ ಜಾರ್ಜ್ ಪ್ಲೆಬ್ಸ್ಟ್ 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ತೆರೆದಾಗಿನಿಂದ ನೇತ್ರಾವತಿಯ ಜೇಡಿಮಣ್ಣು ಗೂಡಿನಲ್ಲಿ ಬೆಂದು ಕೆಂಪಾಗುತ್ತ ಬಂದಿದೆ. ಹಂಚಿನ ಕೆಂಪು ಮಣ್ಣಿನಲ್ಲಿರುವ ಕಬ್ಬಿಣದ್ದು ನಿಜ, ಆದರೆ ಅದು ಕೆಂಪಾಗಲು ಗೂಡಿನಲ್ಲಿ ಗಾಳಿ ಆಡಬೇಕು. ಗಾಳಿ ಕಟ್ಟಿ ಹೊಗೆ ತುಂಬಿದರೆ ಅದೇ ಮಣ್ಣು, ಅದೇ ಬೆಂಕಿ, ಹಂಚು ಮಾತ್ರ ಕಪ್ಪು. ಬೀದರಿನ ಬಿದರಿ ಕುಶಲಕರ್ಮಿಗಳಿಗೂ ಇದು ಗೊತ್ತು. ಸತು-ತಾಮ್ರದ ಹೂಜಿಗೆ ಬೆಳ್ಳಿಯ ಎಳೆ ಕೂರಿಸಿ, ಕೋಟೆಯ ಮಣ್ಣು ಮತ್ತು ನವಸಾಗರ ಕದಡಿದ ದ್ರವದಲ್ಲಿ ಅದ್ದುತ್ತಾರೆ. ಹೂಜಿ ಕಪ್ಪಾಗುತ್ತದೆ, ಬೆಳ್ಳಿ ಬೆಳ್ಳಗೇ ಉಳಿಯುತ್ತದೆ.

ಉಪಯೋಗವೇನು ಎಂದು ಕೇಳುವವರು ಸಭೆಯಲ್ಲಿ ಇದ್ದೇ ಇರುತ್ತಾರೆ, ಇರಬೇಕು ಕೂಡ. ಉತ್ತರ ಒಂದು ಹಡಗಿನಿಂದ ಶುರುವಾಗುತ್ತದೆ. 1921ರಲ್ಲಿ ಹಡಗಿನಲ್ಲಿ ಪ್ರಯಾಣಿಸುತ್ತಿದ್ದ ಸಿ.ವಿ. ರಾಮನ್ ಮೆಡಿಟರೇನಿಯನ್ ಸಮುದ್ರದ ನೀಲಿಯನ್ನು ಕಂಡು ಹಿಡಿದ ಹಟ 1928ರಲ್ಲಿ ರಾಮನ್ ಪರಿಣಾಮವಾಯಿತು. ಆ ‘ಹೊಸ ವಿಕಿರಣ’ದ ಬಗ್ಗೆ ಅವರು ವಿಸ್ತಾರವಾಗಿ ಉಪನ್ಯಾಸ ಕೊಟ್ಟದ್ದು ಆ ವರ್ಷದ ಮಾರ್ಚ್ 16ರಂದು, ಬೆಂಗಳೂರಿನಲ್ಲಿ. ಒಂದೊಂದು ಅಣುವಿಗೂ ತನ್ನದೇ ಆದ ರಾಮನ್ ಗುರುತು ಇದೆ. ಆದರೆ ಆ ಗುರುತು ಹೊತ್ತು ಚದುರುವ ಬೆಳಕು ತೀರ ಕ್ಷೀಣ. ಬಿದ್ದ ಬೆಳಕಿನ ಕಣಗಳಲ್ಲಿ ಕೋಟಿಗೊಂದರಂತೆ ಸಿಕ್ಕಿದರೆ ಪುಣ್ಯ. ಅಣುವನ್ನು ಚಿನ್ನ ಅಥವಾ ಬೆಳ್ಳಿಯ ನ್ಯಾನೊ ಕಣದ ಮೈಗೆ ಅಂಟಿಸಿದರೆ, ಅಲ್ಲಿನ ಎಲೆಕ್ಟ್ರಾನುಗಳ ತುಳುಕಾಟ ಆ ಕ್ಷೀಣ ದನಿಯನ್ನು ಲಕ್ಷಗಟ್ಟಲೆ ಪಟ್ಟು ಹೆಚ್ಚಿಸುತ್ತದೆ. 1993ರಲ್ಲಿ ಅಮೆರಿಕದ ನೆಡರ್ಸನ್, ಚುಮನೋವ್, ಕಾಟನ್ ಲೇಸರಿನಿಂದ ಲೋಹದ ಕಲಿಲ ಮಾಡಿದ್ದು ಇದಕ್ಕಾಗಿಯೇ. ಸಿಟ್ರೇಟಿನ ಅಂಗಿ ತೊಟ್ಟ ಕಣವಾದರೆ ಸಿಟ್ರೇಟೂ ತನ್ನ ಗುರುತನ್ನು ನಡುವೆ ಕೂಗಿ ಹೇಳುತ್ತದೆ. ಲೇಸರಿನಿಂದ ಹುಟ್ಟಿದ ಬರಿಮೈ ಕಣಕ್ಕೆ ಆ ಕಾಟವಿಲ್ಲ. ಹೈದರಾಬಾದ್ ವಿಶ್ವವಿದ್ಯಾಲಯದ ಸೋಮ ವೇಣುಗೋಪಾಲ ರಾವ್ ಅವರ ತಂಡ ಫೆಮ್ಟೊಸೆಕೆಂಡ್ ಲೇಸರಿನಿಂದ ದ್ರವದಲ್ಲಿ ಮಾಡಿದ ಇಂಥ ರಚನೆಗಳ ಮೇಲೆ ಸ್ಫೋಟಕಗಳ ಕುರುಹನ್ನು ಪತ್ತೆಹಚ್ಚುತ್ತಿದೆ.

ನಮಗೆ ಸ್ಫೋಟಕಕ್ಕಿಂತ ಹತ್ತಿರದ್ದು ಇನ್ನೊಂದಿದೆ. ಕಾಸರಗೋಡಿನ ಗೇರುತೋಟಗಳ ಮೇಲೆ 2000ದವರೆಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ಸುರಿಯುತ್ತಿತ್ತು. ಎಣ್ಮಕಜೆ, ಪಡ್ರೆಯ ಮನೆಗಳಲ್ಲಿ ಹುಟ್ಟಿದ ಮಕ್ಕಳ ಅವಸ್ಥೆಯನ್ನು ಇಲ್ಲಿರುವ ಹಲವರು ಕಣ್ಣಾರೆ ಕಂಡಿದ್ದೀರಿ. ಈಚೆ ಕೊಕ್ಕಡದಲ್ಲೂ ಅದೇ ಕಥೆ. ಸುಪ್ರೀಂ ಕೋರ್ಟ್ ದೇಶದಲ್ಲೇ ಅದನ್ನು ತಡೆದದ್ದು 2011ರ ಮೇ ತಿಂಗಳಲ್ಲಿ. ಅದಕ್ಕೂ ಮೊದಲು, 2003ರಲ್ಲಿ, ಐಐಟಿ ಮದ್ರಾಸಿನ ಟಿ. ಪ್ರದೀಪ್ ಮತ್ತು ಅವರ ವಿದ್ಯಾರ್ಥಿಗಳು ಚಿನ್ನದ ನ್ಯಾನೊ ಕಣಗಳ ಬಣ್ಣ ಬದಲಾಗುವುದರಿಂದ ಎಂಡೋಸಲ್ಫಾನನ್ನು ಗುರುತಿಸಬಹುದು ಎಂದು ತೋರಿಸಿದ್ದರು. ಅವರ ಚಿನ್ನ ರಾಸಾಯನಿಕ ವಿಧಾನದ್ದು, ಲೇಸರಿನದ್ದಲ್ಲ. ಬರಿಮೈ ಚಿನ್ನದ, ಅದರಲ್ಲೂ ಕಬ್ಬಿಣದ ತಿರುಳಿದ್ದು ಆಯಸ್ಕಾಂತದಿಂದ ನೀರಿನಾಚೆ ಎಳೆಯಬಹುದಾದ ಚಿನ್ನದ ಜೋಡುಕಣದ ಮೇಲೆ ನಮ್ಮ ತೋಟದ ಬಾವಿಗಳ ನೀರನ್ನು ಪರೀಕ್ಷಿಸುವ ಕೆಲಸವನ್ನು ಕರಾವಳಿಯ ಯಾರಾದರೂ ಎಂ.ಎಸ್ಸಿ. ವಿದ್ಯಾರ್ಥಿ ಕೈಗೆತ್ತಿಕೊಂಡರೆ ನನಗೆ ಸಂತೋಷ.

ಉಪಕರಣವಿಲ್ಲ ಎನ್ನುವ ನೆಪ ಬೇಡ. ಸುರತ್ಕಲ್ಲಿನ ಎನ್‌ಐಟಿಕೆಯಲ್ಲಿ ಐರೋಡಿ ವಾಸುದೇವ ಅಧಿಕಾರಿ ಅವರ ರಸಾಯನ ತಂಡ ಮತ್ತು ಜಿ. ಉಮೇಶ್ ಅವರ ಭೌತವಿಜ್ಞಾನ ತಂಡ ಥಯೋಫೀನ್ ಪಾಲಿಮರುಗಳ ಮೇಲೆ ನ್ಯಾನೊಸೆಕೆಂಡ್ ಮಿಡಿತಗಳನ್ನು ಹಾಯಿಸಿ, ಅತಿ ತೀವ್ರ ಬೆಳಕನ್ನು ತಡೆಯುವ ಗುಣವನ್ನು ಅಳೆದಿವೆ. ಅವುಗಳಲ್ಲಿ ಕೆಲವು ಅಳತೆಗಳು ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯ ರೆಜಿ ಫಿಲಿಪ್ ಅವರ ಪ್ರಯೋಗಾಲಯದ ಸಹಯೋಗದಲ್ಲಿ ನಡೆದವು. ಆ ಕೆಲಸದಲ್ಲಿ ಲೇಸರು ಪರೀಕ್ಷಕನ ಜಾಗದಲ್ಲಿತ್ತು. ಅದೇ ಜಾತಿಯ ಲೇಸರಿನ ಮುಂದೆ ಒಂದು ಬೀಕರು, ಒಂದು ತಗಡು ಇಟ್ಟರೆ ಅದು ಕಮ್ಮಾರನಾಗುತ್ತದೆ.

ಈ ವಿಧಾನವನ್ನು ‘ಹಸಿರು’ ಎಂದು ಕರೆಯುವ ರೂಢಿ ಬಂದಿದೆ. ರಾಸಾಯನಿಕ ಕೊಳೆ ಇಲ್ಲ ಎಂಬಷ್ಟಕ್ಕೆ ಒಪ್ಪುತ್ತೇನೆ. ಆದರೆ ಹಳೆಯ ಮಾದರಿಯ ಫ್ಲ್ಯಾಶ್‌ಲ್ಯಾಂಪ್ ಲೇಸರು ಎಳೆದ ವಿದ್ಯುತ್ತಿನಲ್ಲಿ ನೂರಕ್ಕೆ ಒಂದೆರಡು ಪಾಲು ಮಾತ್ರ ಬೆಳಕಾಗುತ್ತದೆ, ಉಳಿದದ್ದು ಕೋಣೆಯನ್ನು ಬಿಸಿ ಮಾಡುತ್ತದೆ. ಮೆಸ್ಕಾಂ ಬಿಲ್ಲನ್ನು ಪ್ರಬಂಧದಲ್ಲಿ ಯಾರೂ ಬರೆಯುವುದಿಲ್ಲ. ಇಳುವರಿಯೂ ಕಡಿಮೆ, ನಮ್ಮಂಥ ಲೇಸರಿನಲ್ಲಿ ಗಂಟೆಗೆ ಕೆಲವು ಮಿಲಿಗ್ರಾಂ. ಬಾರ್ಸಿಕೋವ್‌ಸ್ಕಿ ಬಳಗ 2016ರಲ್ಲಿ ಇದನ್ನು ಪ್ಲಾಟಿನಮ್ಮಿನಲ್ಲಿ ಗಂಟೆಗೆ 4 ಗ್ರಾಮಿಗೆ ಏರಿಸಿತು. ಹಿಂದಿನ ಗುಳ್ಳೆ ದಾರಿಗೆ ಅಡ್ಡ ಬರುವ ಮೊದಲೇ ಮುಂದಿನ ಮಿಡಿತ ಬೇರೆ ಜಾಗದಲ್ಲಿ ಬೀಳಬೇಕೆಂದು ಬೆಳಕನ್ನು ಸೆಕೆಂಡಿಗೆ 500 ಮೀಟರ್ ವೇಗದಲ್ಲಿ ಓಡಿಸಿದರು. ಚಿನ್ನದ ಕಲಿಲಕ್ಕೆ ಅವರೇ ಹಾಕಿದ ಲೆಕ್ಕದ ಪ್ರಕಾರ ಗಂಟೆಗೆ ಸುಮಾರು 550 ಮಿಲಿಗ್ರಾಂ ದಾಟಿದ ಮೇಲೆ ಲೇಸರ್ ದಾರಿ ರಾಸಾಯನಿಕ ದಾರಿಗಿಂತ ಅಗ್ಗ. ಅಲ್ಲಿಯತನಕ ಸಿಟ್ರೇಟಿನವರೇ ಗೆದ್ದರು.

ಕೊನೆಗೆ ನನ್ನದೇ ಒಂದು ಪೆದ್ದತನ. ಮೊದಲ ಸಲ ಈ ಪ್ರಯೋಗ ಮಾಡಿದ ದಿನ ಡಿಸ್ಟಿಲ್ಡ್ ವಾಟರ್ ಮುಗಿದಿತ್ತು. ನೀರು ನೀರೇ ಅಲ್ಲವೇ ಎಂದು ಉಪ್ಪಿನಂಶವಿದ್ದ ಬೋರ್‌ವೆಲ್ ನೀರನ್ನೇ ತುಂಬಿದೆ. ಚಿನ್ನ ಕೆಂಪಾಗುವ ಬದಲು ನೇರಳೆಯಾಯಿತು, ಬೆಳಿಗ್ಗೆ ಬಂದು ನೋಡಿದರೆ ತಳದಲ್ಲಿ ಕಪ್ಪು ಗಸಿ, ಮೇಲೆ ತಿಳಿನೀರು. ಬರಿಮೈ ಕಣಗಳು ನೀರಿನಲ್ಲಿ ತೇಲಿ ನಿಲ್ಲುವುದು ಒಂದನ್ನೊಂದು ದೂರ ತಳ್ಳುವ ವಿದ್ಯುದಾವೇಶದಿಂದ. ಉಪ್ಪು ಹೆಚ್ಚಾದರೆ ಆ ಆವೇಶಕ್ಕೆ ಮುಸುಕು ಬೀಳುತ್ತದೆ, ಕಣಗಳು ಒಂದರ ಮೇಲೊಂದು ಬೀಳುತ್ತವೆ. ಫ್ಯಾರಡೆಯೂ ಉಪ್ಪು ಹಾಕಿ ಕೆಂಪು ನೀಲಿಯಾಗುವುದನ್ನು ಕಂಡಿದ್ದರು. ಓದಿದ್ದೆ, ಕೈಗೆ ನೆನಪಾಗಲಿಲ್ಲ. ವಿಚಿತ್ರವೆಂದರೆ ಉಪ್ಪನ್ನು ತೀರ, ತೀರ ಕಡಿಮೆ ಹಾಕಿದರೆ ಅದೇ ಉಪ್ಪು ಕಣಗಳನ್ನು ಸಣ್ಣದಾಗಿ, ಗಟ್ಟಿಯಾಗಿ ಉಳಿಸುತ್ತದೆ ಎಂದು 2013ರ ಹೊತ್ತಿಗೆ ಗೊತ್ತಾಯಿತು. ಈ ಸಭಾಂಗಣದಿಂದ ಸ್ವಲ್ಪ ದೂರ ಹೋಗಿ ಬೆಂಗರೆಯ ಕಡೆ ನಿಂತರೆ ಇದೇ ಪ್ರಯೋಗ ದೊಡ್ಡ ಪ್ರಮಾಣದಲ್ಲಿ ನಡೆಯುತ್ತಿರುತ್ತದೆ. ಮಳೆಗಾಲದಲ್ಲಿ ನೇತ್ರಾವತಿಯೂ ಗುರುಪುರ ಹೊಳೆಯೂ ಹೊತ್ತು ತಂದ ಕೆಂಪು ಜೇಡಿ ಅಳಿವೆಯಲ್ಲಿ ಉಪ್ಪುನೀರು ಮುಟ್ಟಿದ ಕೂಡಲೇ ಗಂಟುಕಟ್ಟಿ ತಳಕ್ಕಿಳಿಯಲು ತೊಡಗುತ್ತದೆ.

ಅಡುಗೆ ಮನೆಯಿಂದ ಉಪ್ಪಿನ ಭರಣಿಯನ್ನೂ ತಂದಿದ್ದೇನೆ. ಮೊದಲನೆಯ ಸೀಸೆ ನನಗೆ ಇನ್ನು ಬೇಡ. ಹಿಂದಿನ ಸಾಲಿನಿಂದ ಯಾರಾದರೂ ಒಬ್ಬರು ಮುಂದೆ ಬನ್ನಿ. ಚಿಟಿಕೆ ಹಾಕಿ, ಸೀಸೆಯನ್ನು ಕುಲುಕಿ, ಕಿಟಕಿಯ ಬೆಳಕಿಗೆ ಹಿಡಿಯಿರಿ.